ಹೈಸ್ಕೂಲ್ ಎಷ್ಟು ದೂರ? ಗೌರಿಬಿದನೂರಿಂದ ಬಸವನಗುಡಿಗೆ ಎರಡು ದಿನದ ನಡಿಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ಗೂಡು ಮಾರುಕಟ್ಟೆಯಲ್ಲಿ ಹರಾಜು ಶುರುವಾಗೋಕೆ ಕಾಯ್ತಿರೋರಿಗೆ, ಅಡುಗೆ ಮನೆಯಲ್ಲಿ ಫೋನ್ ಗೋಡೆಗೆ ಒರಗಿಸಿಟ್ಟು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ಒಂದು ಶಾಲೆಯ ಕಥೆ. ಅನಿಲ್ ಕುಂಬ್ಳೆ ಓದಿದ ಹೈಸ್ಕೂಲ್ ಅಂದ್ರೆ ಬೇಗ ಗೊತ್ತಾಗುತ್ತೆ. ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್. ಬೆಂಗಳೂರಿನ ಶಾಲೆಗೂ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಈ ಶಾಲೆಯ ಕಥೆಯ ಬಹಳ ಮುಖ್ಯ ಭಾಗ ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿಯಿಂದ ನಡಕೊಂಡು ಹೋಯ್ತು. ನಡಕೊಂಡು ಅಂತ ಸುಮ್ನೆ ಅಲಂಕಾರಕ್ಕೆ ಹೇಳ್ತಿಲ್ಲ. ಕಾಲ್ನಡಿಗೆಯಲ್ಲೇ ಹೋಯ್ತು.

ಆ ಕಥೆಗೆ ಹೋಗೋ ಮುಂಚೆ ಒಂದು ಪ್ರಶ್ನೆ. ನಿಮ್ಮ ಅಜ್ಜಿ ಅಥವಾ ತಾತ ಎಷ್ಟನೇ ಕ್ಲಾಸಿಗೆ ಓದು ಬಿಟ್ರು? ನಮ್ಮ ಕಡೆ ಹತ್ತು ಮನೆ ಕೇಳಿ ನೋಡಿ. ನಾಲ್ಕನೇ ಕ್ಲಾಸು, ಏಳನೇ ಕ್ಲಾಸು, ಎಂಟನೇ ಕ್ಲಾಸು, ಈ ಮೂರು ಉತ್ತರ ಮತ್ತೆ ಮತ್ತೆ ಬರುತ್ತೆ. ಯಾಕೆ ಐದು ಅಲ್ಲ, ಯಾಕೆ ಆರು ಅಲ್ಲ? ಓದೋಕೆ ತಲೆ ಸಾಲಲಿಲ್ಲ ಅಂತಲ್ಲ. ಊರಿನ ಶಾಲೆ ಎಲ್ಲಿಗೆ ಮುಗೀತಿತ್ತೋ ಅಲ್ಲಿಗೆ ಅವರ ಓದೂ ಮುಗೀತಿತ್ತು. ಮುಂದಿನ ಕ್ಲಾಸು ಬೇರೆ ಊರಲ್ಲಿ ಇರ್ತಿತ್ತು.

ನಮ್ಮ ಭಾಗದಲ್ಲಿ ಶಿಕ್ಷಣದ ಇತಿಹಾಸ ಅಂದ್ರೆ ಬಹಳ ಮಟ್ಟಿಗೆ ಈ ದೂರದ ಇತಿಹಾಸವೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿದ್ದ ಕಾಲ. ಶಾಸನಗಳನ್ನ ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಡಿದ ಬಿ.ಎಲ್. ರೈಸ್ ಹೆಸರು ಕೇಳಿರಬಹುದು. ಅವರು ಶಿಕ್ಷಣ ಇಲಾಖೆಯಲ್ಲೂ ದೊಡ್ಡ ಅಧಿಕಾರಿ ಆಗಿದ್ರು. 1868ರ ಸುಮಾರಿಗೆ ಅವರು ಹೋಬಳಿ ಶಾಲೆಗಳ ಯೋಜನೆ ತಂದ್ರು. ಹೋಬಳಿಗೊಂದು ಸರ್ಕಾರಿ ಕನ್ನಡ ಶಾಲೆ ಆಗಬೇಕು ಅನ್ನೋದು ಲೆಕ್ಕ. ಅದಕ್ಕೂ ಮುಂಚೆ ಇದ್ದದ್ದು ಕೂಲಿಮಠ. ಜಗುಲಿ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸೋ ಮೇಷ್ಟ್ರು, ಕೂಲಿ ರೂಪದಲ್ಲಿ ರಾಗಿನೋ ಅವರೆಕಾಳೋ ಕೊಡೋ ಪೋಷಕರು. ಹೋಬಳಿ ಶಾಲೆ ಬಂದ ಮೇಲೆ ಓದು, ಬರಹ, ಲೆಕ್ಕ ಇಷ್ಟಾದ್ರೂ ಹತ್ತಿರ ಬಂತು. ಹೈಸ್ಕೂಲ್ ಮಾತ್ರ ಬರಲಿಲ್ಲ. ಅದು ಬೆಂಗಳೂರಲ್ಲಿ, ಮೈಸೂರಲ್ಲಿ, ದೊಡ್ಡ ಊರುಗಳಲ್ಲಿ ಮಾತ್ರ.

ನಮ್ಮ ಜಿಲ್ಲೆಯ ಅತ್ಯಂತ ಪ್ರಸಿದ್ಧ ವ್ಯಕ್ತಿಯ ಬದುಕಲ್ಲೂ ಇದೇ ನಡೆದದ್ದು. ಮುದ್ದೇನಹಳ್ಳಿಯ ಹುಡುಗ ವಿಶ್ವೇಶ್ವರಯ್ಯ ಚಿಕ್ಕಬಳ್ಳಾಪುರದಲ್ಲಿ ಓದು ಶುರು ಮಾಡಿದ್ರು. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡ್ರು. ಮುಂದೆ ಓದಬೇಕು ಅಂದಾಗ ಬೆಂಗಳೂರಿಗೇ ಹೋಗಬೇಕಾಯ್ತು. ಅಲ್ಲಿ ಸೋದರಮಾವ ರಾಮಯ್ಯ ಇದ್ರು, ವೆಸ್ಲಿಯನ್ ಮಿಷನ್ ಹೈಸ್ಕೂಲ್ ಇತ್ತು. ಚಿಕ್ಕಬಳ್ಳಾಪುರಕ್ಕೆ ರೈಲು ಬಂದದ್ದು ಅದಾಗಿ ದಶಕಗಳ ನಂತರ. ಆಮೇಲೆ ಸೆಂಟ್ರಲ್ ಕಾಲೇಜಲ್ಲಿ ಓದ್ತಾ, ಮನೆಪಾಠ ಹೇಳಿ ಖರ್ಚು ನೋಡಿಕೊಂಡು, 1881ರಲ್ಲಿ ಬಿ.ಎ. ಮಾಡಿದ್ರು. ಮುಂದಿನದ್ದು ಪಠ್ಯಪುಸ್ತಕದಲ್ಲಿ ಓದಿರ್ತೀರಿ.

ಪಠ್ಯಪುಸ್ತಕ ಈ ಕಥೆಯನ್ನ ಪರಿಶ್ರಮದ ಕಥೆ ಅಂತ ಹೇಳುತ್ತೆ. ಸರಿ, ಪರಿಶ್ರಮ ಇತ್ತು. ಆದ್ರೆ ಬೆಂಗಳೂರಲ್ಲಿ ಒಬ್ಬ ಸೋದರಮಾವ ಇದ್ದ ಅನ್ನೋದನ್ನೂ ಗಮನಿಸಬೇಕು. ಆ ಕಾಲದ ಹೈಸ್ಕೂಲ್ ಓದಿಗೆ ಪಟ್ಟಣದಲ್ಲಿ ಒಂದು ಮನೆ ಬೇಕಿತ್ತು, ಊಟಕ್ಕೆ ಒಂದು ದಾರಿ ಬೇಕಿತ್ತು. ವಾರಾನ್ನ ಅಂತ ಒಂದು ಪದ್ಧತಿ ಇತ್ತು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಊಟ. ಅದು ಹೆಚ್ಚಾಗಿ ಕೆಲವೇ ಜಾತಿಯ ಹುಡುಗರಿಗೆ ಸಿಗ್ತಿತ್ತು. ಉಳಿದವರು ಎಲ್ಲಿ ಉಳಿಯೋದು? ಈ ಪ್ರಶ್ನೆಗೆ ಉತ್ತರವಾಗಿಯೂ 1906ರಲ್ಲಿ ಒಕ್ಕಲಿಗರ ಸಂಘದಂಥ ಸಂಸ್ಥೆಗಳು ಹುಟ್ಟಿದ್ದು, ಸಮುದಾಯಕ್ಕೊಂದು ಹಾಸ್ಟೆಲ್ ಎದ್ದದ್ದು. ಹೈಸ್ಕೂಲ್ ಪಾಸಾದವರಿಗೆ ಸರ್ಕಾರಿ ಗುಮಾಸ್ತೆ ಕೆಲಸ, ಕಾಲೇಜು ಮುಗಿಸಿದವರಿಗೆ ಅಮಲ್ದಾರಿ. ಹೀಗಾಗಿ ಯಾರ ಮಕ್ಕಳು ಹೈಸ್ಕೂಲ್ ಮುಟ್ಟಿದ್ರೋ ಅವರೇ ಸಂಸ್ಥಾನದ ಕಚೇರಿಗಳನ್ನ ತುಂಬಿಕೊಂಡ್ರು. ಇದರ ವಿರುದ್ಧ ಕೂಗೆದ್ದಾಗಲೇ 1918ರಲ್ಲಿ ಮಿಲ್ಲರ್ ಸಮಿತಿ ನೇಮಕ ಆದದ್ದು, ಹಿಂದುಳಿದ ವರ್ಗಗಳಿಗೆ ಮೀಸಲಾತಿಯ ಮಾತು ಸಂಸ್ಥಾನದಲ್ಲಿ ಗಟ್ಟಿಯಾಗಿ ಬಂದದ್ದು. ಅದೇ ವಿಶ್ವೇಶ್ವರಯ್ಯ ಆಗ ದಿವಾನರು. 1913ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡೋಕೆ ದಾರಿ ಮಾಡಿದ ಕಾಯ್ದೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಎರಡೂ ಅವರ ಕಾಲದ್ದೇ. ಆದ್ರೆ ನೇಮಕಾತಿಯಲ್ಲಿ ಜಾತಿವಾರು ಪಾಲು ಅನ್ನೋದು ಅವರಿಗೆ ಒಪ್ಪಿಗೆ ಆಗಲಿಲ್ಲ. ಅದೇ ವರ್ಷ ದಿವಾನಗಿರಿ ಬಿಟ್ರು. ಈ ವಿಷಯಕ್ಕೆ ಒಂದು ಪೂರ್ತಿ ಸಂಚಿಕೆ ಬೇಕು, ಇವತ್ತು ಬೇಡ.

ಈಗ 1917ಕ್ಕೆ ಬನ್ನಿ.

ಆ ವರ್ಷದ ಜೂನ್‌ನಲ್ಲಿ ಮದ್ರಾಸ್ ಸರ್ಕಾರ ಅನಿ ಬೆಸೆಂಟ್ ಅವರನ್ನ ಗೃಹಬಂಧನದಲ್ಲಿ ಇಟ್ಟಿತು. ಹೋಮ್ ರೂಲ್ ಚಳವಳಿ ನಡೆಸ್ತಿದ್ರು, ಪತ್ರಿಕೆಯಲ್ಲಿ ಕಟುವಾಗಿ ಬರೀತಿದ್ರು ಅನ್ನೋದು ಕಾರಣ. ದೇಶದ ತುಂಬ ಗದ್ದಲ ಆಯ್ತು. ಸೆಪ್ಟೆಂಬರ್‌ನಲ್ಲಿ ಬಿಡುಗಡೆ, ಡಿಸೆಂಬರ್‌ನಲ್ಲಿ ಅವರೇ ಕಾಂಗ್ರೆಸ್ ಅಧ್ಯಕ್ಷೆ. ಅವರ ಚಳವಳಿಯಲ್ಲಿ ಶಿಕ್ಷಣ ದೊಡ್ಡ ವಿಷಯ. ಸರ್ಕಾರಿ ಶಾಲೆಗಳು ಗುಮಾಸ್ತರನ್ನ ತಯಾರು ಮಾಡುತ್ತವೆ, ನಮ್ಮ ದೇಶದ ಚರಿತ್ರೆ, ನಮ್ಮ ಭಾಷೆ, ಕೈಕೆಲಸ ಕಲಿಸೋ ರಾಷ್ಟ್ರೀಯ ಶಾಲೆಗಳು ಬೇಕು ಅನ್ನೋದು ವಾದ. ಆ ಗಾಳಿಯಲ್ಲೇ 1917ರಲ್ಲಿ ಬೆಂಗಳೂರಿನಲ್ಲಿ ನ್ಯಾಷನಲ್ ಹೈಸ್ಕೂಲ್ ಶುರುವಾಯ್ತು. ಅದನ್ನ ನಡೆಸಿದ ಸಂಸ್ಥೆಯೇ ಮುಂದೆ ನ್ಯಾಷನಲ್ ಎಜುಕೇಷನ್ ಸೊಸೈಟಿ ಅಂತ ನಮಗೆಲ್ಲ ಪರಿಚಯ ಆಯ್ತು.

ಇದೇ ಗಾಳಿ ನಮ್ಮ ಚಿಂತಾಮಣಿಯ ಆಚೆ ಕಡೆಗೂ ಬೀಸಿತ್ತು. ಚಿಂತಾಮಣಿಯಿಂದ ಪೂರ್ವಕ್ಕೆ ಗಡಿ ದಾಟಿ ಹೋದ್ರೆ ಮದನಪಲ್ಲಿ. ಟೊಮೆಟೊ ರೇಟ್ ನೋಡೋಕೆ ನಮ್ಮ ರೈತರು ದಿನಾ ಬೆಳಿಗ್ಗೆ ನೆನೆಸಿಕೊಳ್ಳೋ ಊರು. ಅಲ್ಲಿನ ಥಿಯಾಸಾಫಿಕಲ್ ಕಾಲೇಜಿನ ವಿದ್ಯಾರ್ಥಿಗಳು ಹೋಮ್ ರೂಲ್ ಚಳವಳಿಗೆ ಇಳಿದ್ರು ಅಂತ ಮದ್ರಾಸ್ ವಿಶ್ವವಿದ್ಯಾನಿಲಯ ಅದರ ಮಾನ್ಯತೆಯನ್ನೇ ಕಿತ್ತುಕೊಂಡಿತ್ತು. 1919ರಲ್ಲಿ ರವೀಂದ್ರನಾಥ ಟ್ಯಾಗೋರರು ಅಲ್ಲಿಗೆ ಬಂದು ಕೆಲವು ದಿನ ಇದ್ದಾಗ 'ಜನ ಗಣ ಮನ'ವನ್ನ ಇಂಗ್ಲಿಷಿಗೆ ಅನುವಾದ ಮಾಡಿದ್ರು, ಕಾಲೇಜಿನ ಪ್ರಾಂಶುಪಾಲರ ಪತ್ನಿ ಮಾರ್ಗರೆಟ್ ಕಸಿನ್ಸ್ ಅದರ ರಾಗದ ಸ್ವರಲಿಪಿ ಮಾಡಿಕೊಟ್ರು. ರಾಷ್ಟ್ರಗೀತೆಯ ಚರಿತ್ರೆಯ ಒಂದು ತುಣುಕು ನಮ್ಮ ಟೊಮೆಟೊ ಮಾರುಕಟ್ಟೆ ಊರಲ್ಲಿದೆ. ಸುಮ್ನೆ ಹೇಳಿದೆ.

ಬೆಂಗಳೂರಿನ ಶಾಲೆಗೆ ವಾಪಸ್ ಬರೋಣ. ಅದು ಶುರುವಾದಾಗ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ನಮ್ಮ ಕಥೆಯ ಹುಡುಗ ಇನ್ನೂ ಹುಟ್ಟಿರಲಿಲ್ಲ. ತಮಿಳುನಾಡಿನ ಹೊಸೂರು ಅಲ್ಲ, ನಮ್ಮ ಹೊಸೂರು. ಹುಟ್ಟಿದ್ದು 1920ರ ಜೂನ್ 6. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಬಡವರ ಮನೆ. ಹುಡುಗನ ಹೆಸರು ನರಸಿಂಹಯ್ಯ. ಮುಂದೆ ಕರ್ನಾಟಕ ಅವರನ್ನ ಎಚ್ಚೆನ್ ಅಂತ ಕರೀತು.

ಊರಿನ ಶಾಲೆಯ ಓದು ಮುಗೀತು. 1935. ಮುಂದೆ ಹೈಸ್ಕೂಲ್. ಬೆಂಗಳೂರಿಗೆ ಹೋಗಬೇಕು.

ಗೌರಿಬಿದನೂರಿಗೆ ರೈಲಿತ್ತು. ಬೆಂಗಳೂರಿಂದ ಹಿಂದೂಪುರ, ಗುಂತಕಲ್ ಕಡೆ ಹೋಗೋ ಆ ದಾರಿ 1890ರ ದಶಕದಲ್ಲೇ ಬಂದಿತ್ತು. ಅಂದ್ರೆ ಹುಡುಗನಿಗೂ ಹೈಸ್ಕೂಲಿಗೂ ನಡುವೆ ಹಳಿ ಇತ್ತು, ರೈಲು ಓಡ್ತಿತ್ತು. ಟಿಕೆಟ್ಟಿಗೆ ದುಡ್ಡಿರಲಿಲ್ಲ. ಅದಕ್ಕೇ ಆ ಹುಡುಗ ನಡೆದ. ಎರಡು ದಿನ. ಗೌರಿಬಿದನೂರಿಂದ ಬೆಂಗಳೂರಿಗೆ ಸುಮಾರು 80 ಕಿಲೋಮೀಟರ್. ಇವತ್ತು ದೊಡ್ಡಬಳ್ಳಾಪುರ, ಯಲಹಂಕ ಮೇಲೆ ಬಸ್ಸಲ್ಲಿ ಎರಡು ಗಂಟೆ ಚಿಲ್ಲರೆ, ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡ್ರೆ ಇನ್ನೊಂದರ್ಧ ಗಂಟೆ.

ಆ ನಡಿಗೆಯನ್ನ ಸ್ವಲ್ಪ ಯೋಚನೆ ಮಾಡಿ. ಹದಿನೈದು ವರ್ಷದ ಹುಡುಗ. ಈಗಿನ ಲೆಕ್ಕದಲ್ಲಿ ಹತ್ತನೇ ಕ್ಲಾಸಿನ ವಯಸ್ಸು. ಶಾಲೆಗೆ ಹೋಗೋಕೆ ನಡೀತಿದ್ದಾನೆ, ಆದ್ರೆ ಸಂಜೆ ಮನೆಗೆ ವಾಪಸ್ ಬರೋ ನಡಿಗೆ ಅಲ್ಲ. ಮನೆಯಿಂದ ಹೊರಟರೆ ರಜಕ್ಕೇ ವಾಪಸ್. ನಾವು ಇಂಥ ಕಥೆಗಳನ್ನ ವಾಟ್ಸ್ಆಪ್‌ನಲ್ಲಿ ಫಾರ್ವರ್ಡ್ ಮಾಡೋವಾಗ "ನೋಡಿ, ಎಷ್ಟು ಕಷ್ಟಪಟ್ಟು ಓದಿದ್ರು, ಈಗಿನ ಮಕ್ಕಳಿಗೆ ಎಲ್ಲಾ ಇದ್ರೂ ಓದಲ್ಲ" ಅಂತ ಒಂದು ಸಾಲು ಸೇರಿಸಿಬಿಡ್ತೀವಿ. ನನಗೆ ಆ ಸಾಲು ಹಿಡಿಸಲ್ಲ. ನಡೆದು ಹೋದ ಒಬ್ಬ ಹುಡುಗ ಚರಿತ್ರೆಯಲ್ಲಿ ಉಳಿದ. ನಡೆಯೋಕೆ ಆಗದೆ ಊರಲ್ಲೇ ಉಳಿದ ಹುಡುಗರು, ನಡೀತೀನಿ ಅಂದ್ರೂ ಯಾರೂ ಕಳಿಸದ ಹುಡುಗಿಯರು ಎಷ್ಟು ಜನ? ಅವರ ಹೆಸರಲ್ಲಿ ವೃತ್ತ ಇಲ್ಲ, ಕಲಾಭವನ ಇಲ್ಲ. ಎಚ್ಚೆನ್ ಅವರ ದೊಡ್ಡತನ ಇರೋದು ಅವರು ನಡೆದ್ರು ಅನ್ನೋದರಲ್ಲಿ ಅಲ್ಲ. ತಮ್ಮ ಹಿಂದೆ ಬರೋರು ಅಷ್ಟು ದೂರ ನಡೀಬಾರದು ಅಂತ ಮುಂದೆ ಏನು ಮಾಡಿದ್ರೋ ಅದರಲ್ಲಿ. ಅದಕ್ಕೆ ಬರ್ತೀನಿ.

ಶಾಲೆ ಸೇರಿದ ಮರುವರ್ಷ, 1936. ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳೋಕೆ ನಂದಿ ಬೆಟ್ಟಕ್ಕೆ ಬಂದಿದ್ರು. 1927ರಲ್ಲೂ ಬಂದಿದ್ರು, ಇದು ಎರಡನೇ ಸಲ. ಈಗ ನಾವು ಭಾನುವಾರ ಬೆಳಗ್ಗೆ ನಾಲ್ಕಕ್ಕೆ ಬೈಕ್ ಹತ್ತಿ ಸೂರ್ಯೋದಯ ನೋಡೋಕೆ ಹೋಗೋ ಅದೇ ಬೆಟ್ಟ. ಆ ವರ್ಷ ಗಾಂಧೀಜಿ ನ್ಯಾಷನಲ್ ಹೈಸ್ಕೂಲಿಗೂ ಬಂದ್ರು. ಹಿಂದಿಯಲ್ಲಿ ಮಾತಾಡಿದ್ರು. ಅದನ್ನ ಕನ್ನಡಕ್ಕೆ ಹೇಳೋಕೆ ಶಾಲೆಯವರು ನಿಲ್ಲಿಸಿದ್ದು ಈ ಹೊಸೂರಿನ ಹುಡುಗನನ್ನ. ಬೆಂಗಳೂರಿನ ಹುಡುಗರು ಇರಲಿಲ್ವಾ? ಇದ್ರು. ಆದ್ರೂ ಹಳ್ಳಿಯಿಂದ ಬಂದು ಇನ್ನೂ ವರ್ಷ ಆಗಿರದವನ ಕೈಗೆ ಆ ಕೆಲಸ ಕೊಟ್ಟರಲ್ಲ, ಅದು ಆ ಶಾಲೆಯ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಸಂಗತಿ. ಖಾದಿ, ಗಾಂಧಿ ಟೋಪಿ ಆ ಹುಡುಗನ ಮೈಗೆ ಅಂಟಿಕೊಂಡವು. ಕೊನೆಯವರೆಗೂ ಬಿಡಲಿಲ್ಲ.

ಎಚ್ಚೆನ್ ಬೆಂಗಳೂರಿನಲ್ಲಿ ಓದ್ತಿದ್ದ ಕಾಲದಲ್ಲೇ, 1938ರ ಏಪ್ರಿಲ್ 25ರಂದು, ಅವರ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು. ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿ ಒಂದು, ಜನರ ಬಾಯಲ್ಲಿ ಇನ್ನೊಂದು. ಅಲ್ಲಿನ ಸ್ಮಾರಕ ನೋಡಿಲ್ಲದಿದ್ರೆ ಒಂದ್ಸಲ ನೋಡಿಬನ್ನಿ, ಗೌರಿಬಿದನೂರಿಗೆ ಹತ್ತಿರವೇ. 1942ರಲ್ಲಿ ಕ್ವಿಟ್ ಇಂಡಿಯಾ ಕರೆ ಬಂದಾಗ ಎಚ್ಚೆನ್ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಆನರ್ಸ್ ಓದ್ತಿದ್ರು. ಓದು ಬಿಟ್ರು, ಜೈಲಿಗೆ ಹೋದ್ರು. ಬೆಂಗಳೂರು, ಮೈಸೂರು, ಪುಣೆಯ ಯರವಡ. ಹೊರಬಂದು ಓದು ಮುಗಿಸಿದ್ರು, ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ.

ಇಷ್ಟರಲ್ಲಿ ಹೈಸ್ಕೂಲ್ ಬೆಳೆದು ಕಾಲೇಜಾಗಿತ್ತು. 1945ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಶುರು. ಮೊದಲ ಪ್ರಾಂಶುಪಾಲರು ಕೆ. ಸಂಪದ್ಗಿರಿ ರಾವ್. 1946ರಲ್ಲಿ ಎಚ್ಚೆನ್ ಅಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿ ಸೇರಿದ್ರು. ರಜೆ ಹಾಕಿ ಅಮೆರಿಕಕ್ಕೆ ಹೋಗಿ 1960ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದ್ರು. ಅಲ್ಲೇ ಉಳಿಯಲಿಲ್ಲ. 1961ರಿಂದ ಪ್ರಾಂಶುಪಾಲರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿ. 1984ರಲ್ಲಿ ಪದ್ಮಭೂಷಣ. ಮದುವೆ ಆಗಲಿಲ್ಲ. ವಾಸ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ, 2005ರ ಜನವರಿ 31ಕ್ಕೆ ತೀರಿಕೊಳ್ಳೋ ತನಕ.

ಯೂಟ್ಯೂಬ್‌ನಲ್ಲಿ ಎಚ್ಚೆನ್ ಅಂತ ಹುಡುಕಿದ್ರೆ ಹೆಚ್ಚಾಗಿ ಬರೋದು ಪವಾಡಗಳ ವಿಷಯ. 1976ರಲ್ಲಿ ಕುಲಪತಿ ಆಗಿದ್ದಾಗ ಪವಾಡಗಳನ್ನ ವೈಜ್ಞಾನಿಕವಾಗಿ ಪರಿಶೀಲಿಸೋಕೆ ಸಮಿತಿ ಮಾಡಿದ್ದು, ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದದ್ದು. ಅದು ದೇಶದ ಸುದ್ದಿ ಆಯ್ತು, ಸರಿ. ಅದಕ್ಕಿಂತ ಸದ್ದಿಲ್ಲದೆ ನಡೆದ ಕೆಲಸ ಅಂದ್ರೆ 1962ರಲ್ಲಿ ಶುರುವಾದ ಬೆಂಗಳೂರು ಸೈನ್ಸ್ ಫೋರಂ. ಪ್ರತಿ ಬುಧವಾರ ಸಂಜೆ ಕಾಲೇಜಿನ ಸಭಾಂಗಣದಲ್ಲಿ ವಿಜ್ಞಾನದ ಉಪನ್ಯಾಸ, ಜುಲೈ ಬಂದ್ರೆ ವಿಜ್ಞಾನ ಹಬ್ಬ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಯಾರು ಬೇಕಾದ್ರೂ ಬಂದು ಕೂರಬಹುದು, ವಿಜ್ಞಾನಿಗೆ ಪ್ರಶ್ನೆ ಕೇಳಬಹುದು.

ಅದಕ್ಕಿಂತಲೂ ಸದ್ದಿಲ್ಲದ್ದು, ನಮಗೆ ಹತ್ತಿರದ್ದು, ಗೌರಿಬಿದನೂರಿನ ನ್ಯಾಷನಲ್ ಕಾಲೇಜು, ಬಾಗೇಪಲ್ಲಿಯ ನ್ಯಾಷನಲ್ ಕಾಲೇಜು, ಮತ್ತು ಅವರ ಹುಟ್ಟೂರು ಹೊಸೂರಿನ ನ್ಯಾಷನಲ್ ಹೈಸ್ಕೂಲ್.

ಒಂದು ನಿಮಿಷ ಇಲ್ಲಿ ನಿಲ್ಲೋಣ. ಬಸವನಗುಡಿಯಂಥ ಕಡೆ ಇರೋ ಒಂದು ಪ್ರತಿಷ್ಠಿತ ಸಂಸ್ಥೆ ಬೆಳೀಬೇಕು ಅಂದ್ರೆ ಸಹಜವಾಗಿ ಎಲ್ಲಿಗೆ ಹೋಗುತ್ತೆ? ಜಯನಗರಕ್ಕೆ ಹೋಗುತ್ತೆ. ಹೋಯ್ತು ಕೂಡ, ಅಲ್ಲೂ ನ್ಯಾಷನಲ್ ಕಾಲೇಜು ಇದೆ. ಬಡಾವಣೆಯಲ್ಲಿ ಮಕ್ಕಳಿದ್ದಾರೆ, ಫೀಸು ಕೊಡೋ ಪೋಷಕರಿದ್ದಾರೆ, ಮೇಷ್ಟ್ರು ಸಿಗ್ತಾರೆ. ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ಏನಿತ್ತು? ವರ್ಷಪೂರ್ತಿ ಹರಿಯೋ ನದಿ ಇಲ್ಲದ ನಾಡು. ಮಳೆ ಕೈಕೊಟ್ರೆ ಕಡಲೆಕಾಯಿ ಇಲ್ಲ, ರಾಗಿ ಇಲ್ಲ, ಆ ವರ್ಷದ ಫೀಸೂ ಇಲ್ಲ. ಬೆಂಗಳೂರಿಂದ ಮೇಷ್ಟ್ರನ್ನ ಕಳಿಸಿದ್ರೆ ಮೂರು ತಿಂಗಳಿಗೆ ವರ್ಗ ಕೇಳ್ತಾರೆ. ಇಂಥ ಕಡೆ ಕಾಲೇಜು ಮಾಡೋದು ಲಾಭದ ಲೆಕ್ಕಕ್ಕೆ ಸಿಗೋ ಮಾತಲ್ಲ. ಮಾಡಿದವರಿಗೆ ಆ ದಾರಿ ಕಾಲಲ್ಲಿ ಗೊತ್ತಿತ್ತು ಅಂತ ನನ್ನ ಅನಿಸಿಕೆ.

ಹೊಸೂರಿನಲ್ಲಿ ಹೈಸ್ಕೂಲ್ ಆಯ್ತು ಅಂದ್ರೆ ಏನರ್ಥ? ಆ ಹೋಬಳಿಯ ಹುಡುಗಿಯೊಬ್ಬಳು ಬೆಳಗ್ಗೆ ಮನೆಯಲ್ಲಿ ಮುದ್ದೆ ತಿಂದು, ದನಕ್ಕೆ ನೀರು ಕುಡಿಸಿ, ಶಾಲೆಗೆ ಹೋಗಿ, ಸಂಜೆ ಕತ್ತಲಾಗೋ ಮುಂಚೆ ಮನೆಗೆ ಬರಬಹುದು. ಬೆಂಗಳೂರಿನಲ್ಲಿ ಸೋದರಮಾವ ಬೇಕಿಲ್ಲ. ವಾರಾನ್ನ ಬೇಕಿಲ್ಲ. ಜಾತಿ ಹಾಸ್ಟೆಲ್ ಬೇಕಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ದೂರ ಇನ್ನೂ ಕಠಿಣ. ಹುಡುಗನಿಗೆ ಐದು ಮೈಲಿ ಆದ್ರೂ ಪರವಾಗಿಲ್ಲ, ಹುಡುಗಿಗೆ ಎರಡು ಮೈಲಿಯೇ ಜಾಸ್ತಿ. ದೊಡ್ಡವಳಾದ ಮೇಲೆ ತೋಪಿನ ದಾರಿಯಲ್ಲಿ ಒಬ್ಬಳೇ ಹೋಗೋದು ಬೇಡ ಅಂತ ಮನೆಯಲ್ಲಿ ಹೇಳ್ತಾರೆ. ಅದರ ಜೊತೆಗೆ ಮನೆಯ ಕೆಲಸ. ಶಿಡ್ಲಘಟ್ಟದವರಿಗೆ ಇದನ್ನ ನಾನು ಹೇಳಬೇಕಿಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು ಕಡೇ ಹಂತಕ್ಕೆ ಬಂದಾಗ ಹಗಲು ರಾತ್ರಿ ಸೊಪ್ಪು ಹಾಕ್ತಾನೇ ಇರಬೇಕು. ಆ ವಾರ ಮನೆಯಲ್ಲಿ ಎಷ್ಟು ಕೈ ಇದ್ರೂ ಸಾಲಲ್ಲ. ಹುಳು ಹಣ್ಣಾದ ಮೇಲೆ ಚಂದ್ರಂಕಿಗೆ ಬಿಡೋಕೂ ಕೈ ಬೇಕು, ಪಟ್ಟಣದಲ್ಲಿ ನೂಲು ಬಿಚ್ಚೋ ಮನೆಗಳಲ್ಲೂ ಕೈ ಬೇಕು. ಎಂಟನೇ ಕ್ಲಾಸಿನ ಹುಡುಗಿ ಒಂದು ವಾರ ಶಾಲೆ ತಪ್ಪಿಸಿದ್ರೆ ಮುಂದಿನ ಬೆಳೆಗೆ ಇನ್ನೊಂದು ವಾರ. ಶಾಲೆ ದೂರ ಇದ್ದಷ್ಟೂ ಆ ವಾರ ತಿಂಗಳಾಗೋದು ಸುಲಭ.

ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. ತಾಲ್ಲೂಕು ಪಟ್ಟಣಗಳಲ್ಲಿ ಸರ್ಕಾರಿ ಹೈಸ್ಕೂಲ್‌ಗಳು ಬಂದವು. 1970ರ ದಶಕದ ಆರಂಭದಲ್ಲಿ ಎರಡು ವರ್ಷದ ಪಿಯುಸಿ ಬಂದಾಗ ಅವುಗಳಲ್ಲಿ ಎಷ್ಟೋ ಶಾಲೆಗಳು ಜೂನಿಯರ್ ಕಾಲೇಜುಗಳಾದವು. ಬೋರ್ಡ್ ಮೇಲೆ ಈಗ ಪದವಿಪೂರ್ವ ಕಾಲೇಜು ಅಂತ ಬರೆದಿದ್ರೂ ನಮ್ಮ ಊರುಗಳಲ್ಲಿ ಜನ ಇನ್ನೂ ಹೇಳೋದು ಜೂನಿಯರ್ ಕಾಲೇಜು ಗ್ರೌಂಡ್ ಅಂತಲೇ. ಆಮೇಲೆ ಹೋಬಳಿ ಮಟ್ಟಕ್ಕೆ, ದೊಡ್ಡ ಹಳ್ಳಿಗಳಿಗೆ ಪ್ರೌಢಶಾಲೆಗಳು ಬಂದವು. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್. ಕೇಳ್ತಿರೋ ನಿಮ್ಮಲ್ಲಿ ಬಹಳ ಜನ ಆ ಸೈಕಲ್ ತುಳಿದಿರ್ತೀರಿ. ಮೊದಲ ವಾರವೇ ಬೆಲ್ ಕಿತ್ತು ಹೋಗ್ತಿತ್ತು, ಚೈನ್ ಬೀಳ್ತಿತ್ತು, ಅಣ್ಣಂದಿರು ಹಾಲಿನ ಡೈರಿಗೆ ತಗೊಂಡು ಹೋಗ್ತಿದ್ರು, ಎಲ್ಲಾ ನಿಜ. ಆದ್ರೂ ನೀಲಿ ಸಮವಸ್ತ್ರದ ಹುಡುಗಿಯರು ಗುಂಪಾಗಿ ಸೈಕಲ್ ಮೇಲೆ ರಸ್ತೆ ತುಂಬಿಕೊಂಡು ಬರೋ ದೃಶ್ಯ ನಮ್ಮ ತಾಲ್ಲೂಕುಗಳಿಗೆ ಹೊಸದು. ಕೋವಿಡ್ ಹೊತ್ತಿಗೆ ಆ ಯೋಜನೆ ನಿಂತುಹೋಯ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ಟಿಕೆಟ್ಟಿಗೆ ದುಡ್ಡಿಲ್ಲ ಅನ್ನೋ ಕಾರಣ ಅವರ ಮಟ್ಟಿಗೆ ಹೋಯ್ತು. ಬಸ್ಸೇ ಬರದ ಊರಿಗೆ ಉಚಿತ ಟಿಕೆಟ್ ಇದ್ದೂ ಪ್ರಯೋಜನ ಇಲ್ಲ ಅನ್ನೋದನ್ನ ಮಾತ್ರ ಮರೀಬೇಡಿ.

ಇನ್ನೊಂದು ಗೋಡೆ ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇರೋದು 6ರಿಂದ 14 ವರ್ಷದವರಿಗೆ. ಅಂದ್ರೆ ಎಂಟನೇ ತರಗತಿವರೆಗೆ. ಒಂಬತ್ತು, ಹತ್ತು ಅದರ ಆಚೆ. ತಾತನ ಕಾಲದಲ್ಲಿ ಊರಿನ ಶಾಲೆ ಎಂಟಕ್ಕೆ ಮುಗೀತಿತ್ತು ಅಂದ್ವಲ್ಲ, ಹಕ್ಕು ಕೂಡ ಹೆಚ್ಚೂಕಡಿಮೆ ಅಲ್ಲಿಗೇ ಮುಗಿಯುತ್ತೆ. ಇದನ್ನ ಮೊದಲ ಸಲ ಗಮನಿಸಿದಾಗ ನನಗೆ ಸ್ವಲ್ಪ ಸಿಟ್ಟೇ ಬಂತು.

ಅನುದಾನಿತ ಶಾಲೆಗಳದ್ದು ಬೇರೆ ಪಾಡು. ಹಿಂದೆ ಸಂಘ ಸಂಸ್ಥೆಗಳು ಹಳ್ಳಿಗಳಲ್ಲಿ ಕಟ್ಟಿದ ಕನ್ನಡ ಹೈಸ್ಕೂಲ್‌ಗಳು ನಡೆದದ್ದು ಸರ್ಕಾರ ಮೇಷ್ಟ್ರ ಸಂಬಳ ಕೊಟ್ಟಿದ್ದರಿಂದ. 1995ರ ನಂತರ ಶುರುವಾದ ಶಾಲೆಗಳಿಗೂ ಅನುದಾನ ಕೊಡಿ ಅನ್ನೋ ಬೇಡಿಕೆ ವರ್ಷಾನುಗಟ್ಟಲೆ ಹಾಗೇ ಇದೆ. ಹಳೇ ಶಾಲೆಗಳಲ್ಲಿ ಗಣಿತದ ಮೇಷ್ಟ್ರು ನಿವೃತ್ತಿ ಆದ್ರೆ ಆ ಜಾಗ ತುಂಬೋಕೆ ಒಪ್ಪಿಗೆ ಸಿಗೋದು ನಿಧಾನ. ಅತಿಥಿ ಶಿಕ್ಷಕರು ಬಂದು ಹೋಗ್ತಾರೆ. ಪೋಷಕರು ಇದನ್ನೆಲ್ಲ ನೋಡ್ತಾರೆ. ಬೆಳಗ್ಗೆ ಏಳು ಗಂಟೆಗೆ ಹಳದಿ ವ್ಯಾನ್ ಹಳ್ಳಿಯೊಳಗೇ ಬಂದು ನಿಂತಾಗ, ಅದು ಇಂಗ್ಲಿಷ್ ಮೀಡಿಯಂ ಆದಾಗ, ಸಾಲ ಮಾಡಿಯಾದ್ರೂ ಹತ್ತಿಸ್ತಾರೆ. ಅವರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಆದ್ರೆ ಹಳ್ಳಿಯ ಮಗು ದಿನಾ ಇಪ್ಪತ್ತು ಕಿಲೋಮೀಟರ್ ಹೋಗಿ, ಇಪ್ಪತ್ತು ಕಿಲೋಮೀಟರ್ ಬರ್ತಿದೆ. ಪಕ್ಕದಲ್ಲೇ ಇರೋ ಹೈಸ್ಕೂಲಿನಲ್ಲಿ ದಾಖಲಾತಿ ಇಳೀತಿದೆ. ಎಂಬತ್ತು ವರ್ಷ ಕಷ್ಟಪಟ್ಟು ಹತ್ತಿರ ತಂದ ಶಾಲೆ ಮತ್ತೆ ದೂರ ಹೋಗ್ತಿದೆ, ಈ ಸಲ ವ್ಯಾನಿನಲ್ಲಿ.

ಗೌರಿಬಿದನೂರಿನ ಬಗ್ಗೆ ಇನ್ನೊಂದು ಮಾತು. ಆ ಊರಿನ ಹತ್ತಿರ 1970ರ ದಶಕದಿಂದ ಒಂದು ರೇಡಿಯೋ ದೂರದರ್ಶಕ ಇದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಮಾಡಿದ್ದು. ಬಯಲಲ್ಲಿ ಸಾಲು ಸಾಲಾಗಿ ಕಂಬ, ತಂತಿ. ದೂರದಿಂದ ನೋಡಿದ್ರೆ ದ್ರಾಕ್ಷಿ ಚಪ್ಪರ ಅಂತ ಅನ್ನಿಸಬಹುದು. ಅವು ಸೂರ್ಯನಿಂದ, ನಕ್ಷತ್ರಗಳಾಚೆಯಿಂದ ಬರೋ ರೇಡಿಯೋ ತರಂಗ ಹಿಡೀತವೆ. ಪರಮಾಣು ಭೌತಶಾಸ್ತ್ರ ಓದಿದ ಮನುಷ್ಯನ ತಾಲ್ಲೂಕಿನಲ್ಲಿ ಇಂಥದ್ದೊಂದು ಇರೋದು ಕಾಕತಾಳೀಯ ಇರಬಹುದು. ಸುತ್ತಲಿನ ಹೈಸ್ಕೂಲ್ ಮಕ್ಕಳನ್ನ ವರ್ಷಕ್ಕೊಮ್ಮೆಯಾದ್ರೂ ಅಲ್ಲಿಗೆ ಕರ್ಕೊಂಡು ಹೋಗೋ ವಿಜ್ಞಾನದ ಮೇಷ್ಟ್ರು ನಿಮ್ಮಲ್ಲಿ ಯಾರಾದ್ರೂ ಇದ್ರೆ ನಮಗೆ ಹೇಳಿ, ಮಾತಾಡಿಸೋ ಆಸೆ ಇದೆ.

ಕೊನೆಗೆ ಒಂದು ಕೆಲಸ ಕೊಡ್ತೀನಿ. ನಿಮ್ಮ ಊರಿನ ಹಳೇ ಶಾಲೆಯಲ್ಲಿ ದಾಖಲಾತಿ ರಿಜಿಸ್ಟರ್ ಅಂತ ಒಂದು ದಪ್ಪ ಪುಸ್ತಕ ಇರುತ್ತೆ. ಜಾತಿ ಪ್ರಮಾಣಪತ್ರಕ್ಕೆ, ಜನ್ಮ ದಿನಾಂಕಕ್ಕೆ ಅಂತ ಜನ ಹುಡುಕಿಕೊಂಡು ಬರೋದು ಅದನ್ನೇ. ಅದರಲ್ಲಿ ಅರ್ಧ ಊರಿನ ಹುಟ್ಟುಹಬ್ಬ ಜೂನ್ 1 ಇರುತ್ತೆ, ಯಾಕಂದ್ರೆ ಶಾಲೆಗೆ ಸೇರಿಸೋ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದು. ಅದೇ ಪುಸ್ತಕದಲ್ಲಿ ಶಾಲೆ ಬಿಟ್ಟ ದಿನಾಂಕಕ್ಕೂ ಒಂದು ಕಾಲಂ ಇರುತ್ತೆ, ಬಿಟ್ಟ ಕಾರಣಕ್ಕೂ ಒಂದು ಕಾಲಂ. ಮುಖ್ಯಶಿಕ್ಷಕರು ಒಪ್ಪಿದ್ರೆ ಅವರ ಜೊತೆ ಕೂತು ನೋಡಿ. ಬೇರೆಯವರ ವಿವರದ ಫೋಟೋ ತೆಗೀಬೇಡಿ, ನಿಮ್ಮ ಮನೆಯವರ ಸಾಲು ಮಾತ್ರ ಹುಡುಕಿ. ಆಮೇಲೆ ಮನೆಗೆ ಹೋಗಿ ಅಜ್ಜಿನ ಕೇಳಿ, "ಅಜ್ಜಿ, ಯಾಕೆ ಬಿಟ್ಟೆ? ಮುಂದಿನ ಶಾಲೆ ಎಲ್ಲಿತ್ತು?" ಅಂತ. ತೆಲುಗಲ್ಲಿ ಹೇಳಿದ್ರೆ ತೆಲುಗಲ್ಲೇ, ಉರ್ದುವಲ್ಲಿ ಹೇಳಿದ್ರೆ ಉರ್ದುವಲ್ಲೇ ರೆಕಾರ್ಡ್ ಮಾಡ್ಕೊಳ್ಳಿ. ಅವರ ಒಪ್ಪಿಗೆ ಇದ್ರೆ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವು ದನಿಗಳನ್ನ ಕೇಳಿಸ್ತೀವಿ. ಹಿಂದೆ ಕೋಳಿ ಕೂಗಿದ್ರೂ, ಮಿಕ್ಸಿ ಸದ್ದಾದ್ರೂ ಪರವಾಗಿಲ್ಲ.